ನಾಣ್ಯದ ಲೆಕ್ಕ, ಭಿನ್ನರಾಶಿಯ ಲೆಕ್ಕ: ಯಾವುದಕ್ಕೆ ಯಾವ ದಾರಿ?

ಒಂದು ಲೆಕ್ಕದಿಂದಲೇ ಶುರು ಮಾಡೋಣ. ಹಾಸನದಿಂದ ಆಲೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಚೀಲದಲ್ಲಿ 2 ರೂಪಾಯಿ ಮತ್ತು 5 ರೂಪಾಯಿ ನಾಣ್ಯಗಳು ಸೇರಿ ಒಟ್ಟು 40 ಇವೆ. ಎಣಿಸಿದರೆ 128 ರೂಪಾಯಿ ಆಗುತ್ತದೆ. ಯಾವ ನಾಣ್ಯ ಎಷ್ಟು?

ಐದನೇ ತರಗತಿ ಮಗು ಇದಕ್ಕೆ ಪಟ್ಟಿ ಹಾಕಲು ಕೂರುತ್ತದೆ. ಎಂಟನೇ ತರಗತಿಯವರು ‘ಎಕ್ಸ್ ಆಗಿರಲಿ’ ಅಂತ ಶುರು ಮಾಡುತ್ತಾರೆ. ಅಂಗಡಿಯಲ್ಲಿ ಕೂತು ಪಳಗಿದ ಅಜ್ಜ ಬಾಯಲ್ಲೇ ಹೇಳಿಬಿಡುತ್ತಾರೆ. ಮೂವರ ಉತ್ತರವೂ ಸರಿ. ಹಾಗಾದರೆ ಮಕ್ಕಳಿಗೆ ಯಾವುದನ್ನು ಕಲಿಸಬೇಕು? ಸಂಜೆ ಹೊತ್ತು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುವ ಅಪ್ಪ-ಅಮ್ಮಂದಿರು, ಮನೆಯಲ್ಲೇ ಟ್ಯೂಷನ್ ಮಾಡುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಲೆಕ್ಕದಲ್ಲಿ ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ನೋಡಿ ದಾರಿ ಆರಿಸಬೇಕು. ಮಗು ಎಷ್ಟನೇ ತರಗತಿ ಅನ್ನುವುದು ಆಮೇಲಿನ ಮಾತು.

ಮೊದಲು ಇದೇ ಲೆಕ್ಕದ ಮೇಲೆ ಮೂರು ದಾರಿಗಳನ್ನೂ ಓಡಿಸಿ ನೋಡೋಣ.

ಪಟ್ಟಿ, ಅಂದಾಜು, ಸಮೀಕರಣ

ಪಟ್ಟಿಯ ದಾರಿಯಲ್ಲಿ 1 ಮತ್ತು 39ರಿಂದ ಶುರು ಮಾಡಿದರೆ ಪುಟ ತುಂಬುತ್ತದೆ, ಮಗುವಿಗೆ ಬೇಜಾರಾಗುತ್ತದೆ. ನಡುವಿನಿಂದ ಹಿಡಿಯಿರಿ. 20 ನಾಣ್ಯ 2 ರೂಪಾಯಿಯವು, 20 ನಾಣ್ಯ 5 ರೂಪಾಯಿಯವು ಅಂದರೆ 40 + 100 = 140 ರೂಪಾಯಿ. ನಮಗೆ ಬೇಕಾದ್ದು 128. ಅಂದರೆ 12 ರೂಪಾಯಿ ಹೆಚ್ಚಾಯಿತು. ಒಂದು 5 ತೆಗೆದು 2 ಇಟ್ಟರೆ 3 ರೂಪಾಯಿ ಇಳಿಯುತ್ತದೆ. ನಾಲ್ಕು ಸಲ ಬದಲಿಸಿದರೆ 12 ಇಳಿಯುತ್ತದೆ. ಉತ್ತರ: 2 ರೂಪಾಯಿಯವು 24, 5 ರೂಪಾಯಿಯವು 16.

ಅಂದಾಜಿನ ದಾರಿ ಇದಕ್ಕಿಂತ ಚುರುಕು. ಎಲ್ಲವೂ 2 ರೂಪಾಯಿ ನಾಣ್ಯವೇ ಅಂದುಕೊಳ್ಳಿ. 40 × 2 = 80. ನಿಜವಾಗಿ ಇರುವುದು 128. 48 ರೂಪಾಯಿ ಕಡಿಮೆ ಬಿತ್ತು. ಒಂದು 2ರ ಜಾಗದಲ್ಲಿ 5 ಇಟ್ಟರೆ 3 ರೂಪಾಯಿ ಏರುತ್ತದೆ. 48 ÷ 3 = 16. ಅಷ್ಟೇ, 5 ರೂಪಾಯಿ ನಾಣ್ಯ 16.

ಸಮೀಕರಣದಲ್ಲಿ 2 ರೂಪಾಯಿ ನಾಣ್ಯಗಳು ‘ಅ’ ಇವೆ ಅಂತ ಇಟ್ಟುಕೊಂಡರೆ 2ಅ + 5(40 − ಅ) = 128. ಬಿಡಿಸಿದರೆ 200 − 3ಅ = 128, ಆದ್ದರಿಂದ 3ಅ = 72, ಅ = 24.

ಈ ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನಾಲ್ಕರಿಂದ ಏಳನೇ ತರಗತಿಯವರೆಗೆ ನಾನು ಕಣ್ಣುಮುಚ್ಚಿ ಅಂದಾಜಿನ ದಾರಿಯನ್ನೇ ಆರಿಸುತ್ತೇನೆ. ಅದರಲ್ಲಿ ಪ್ರತಿ ಹೆಜ್ಜೆಗೂ ಒಂದು ಅರ್ಥ ಇದೆ. 80 ಅಂದರೆ ಏನು, 48 ಅಂದರೆ ಏನು, 3 ಎಲ್ಲಿಂದ ಬಂತು ಅಂತ ಮಗು ಬಾಯಿಬಿಟ್ಟು ಹೇಳಬಲ್ಲದು. ಸಮೀಕರಣದಲ್ಲಿ 200 − 3ಅ ಅಂತ ಬಂದಾಗ ‘ಈ 200 ಏನು?’ ಅಂತ ಕೇಳಿ ನೋಡಿ. ಹೆಚ್ಚಿನ ಮಕ್ಕಳು ‘5 ಇಂಟು 40’ ಅಂತಾರೆ. ಎಲ್ಲ ನಾಣ್ಯವೂ 5 ರೂಪಾಯಿಯದ್ದೇ ಆಗಿದ್ದರೆ ಆಗುತ್ತಿದ್ದ ಮೊತ್ತ ಅದು ಅಂತ ಹೇಳುವವರು ಕಡಿಮೆ.

ಅಂದಾಜಿನ ದಾರಿಯಲ್ಲಿ ಎಡವುವ ಜಾಗ ಒಂದೇ. 48ನ್ನು 3ರಿಂದ ಭಾಗಿಸುವ ಬದಲು 5ರಿಂದ ಭಾಗಿಸಿಬಿಡುತ್ತಾರೆ. ‘5 ರೂಪಾಯಿ ನಾಣ್ಯ ತಾನೆ ಹಾಕೋದು’ ಅನ್ನುವುದು ಅವರ ವಾದ. ಇದಕ್ಕೆ ಬಾಯಿಮಾತಿನ ಉತ್ತರ ಸಾಲದು. ನಿಜವಾದ ನಾಣ್ಯ ಕೊಡಿ. ನೆಲದ ಮೇಲೆ 2 ರೂಪಾಯಿಯ 10 ನಾಣ್ಯಗಳನ್ನು ಸಾಲಾಗಿ ಇಡಿಸಿ. ಮೊತ್ತ 20. ಪಕ್ಕದಲ್ಲಿ ಒಂದಿಷ್ಟು 5 ರೂಪಾಯಿ ನಾಣ್ಯ ಇಡಿ. ‘ಸಾಲಲ್ಲಿ 10 ನಾಣ್ಯವೇ ಇರಬೇಕು, ಆದರೆ ಮೊತ್ತ 32 ಆಗಬೇಕು’ ಅನ್ನಿ. ಮಗು ಒಂದು 5ನ್ನು ಸಾಲಿಗೆ ಸೇರಿಸಲು ಕೈ ಹಾಕುತ್ತದೆ, ಸೇರಿಸಿದರೆ 11 ಆಗಿಬಿಡುತ್ತೆ ಅಂತ ತಡೆಯುತ್ತದೆ, ಒಂದು 2ನ್ನು ಹೊರಗೆ ತೆಗೆಯುತ್ತದೆ. ಆ ತೆಗೆಯುವ ಕ್ಷಣದಲ್ಲಿ ಕೇಳಿ, ‘ಈಗ ಎಷ್ಟಾಯ್ತು?’ 23. ಇನ್ನೊಂದು ಬದಲಿಸಿದರೆ 26, ಆಮೇಲೆ 29, ಆಮೇಲೆ 32. ನಾಲ್ಕು ಬದಲಾವಣೆ, ನಾಲ್ಕು ನಾಣ್ಯ. ಕೈಯಲ್ಲಿ ಹೀಗೆ ಒಮ್ಮೆ ಆದಮೇಲೆ 5ರಿಂದ ಭಾಗಿಸುವ ಚಟ ತಾನಾಗಿಯೇ ಬಿಡುತ್ತದೆ.

ಹಾಗಂತ ಸಮೀಕರಣ ಬೇಡ ಅಂತ ನಾನು ಹೇಳುತ್ತಿಲ್ಲ. ಹತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳ ಸಮೀಕರಣದ ಜೋಡಿ ಬರುತ್ತದೆ. ಅಲ್ಲಿ ವರ್ಜಿಸುವ ವಿಧಾನ ಅಂತ ಒಂದಿದೆ. ನಮ್ಮ ಕಂಡಕ್ಟರ್ ಲೆಕ್ಕವನ್ನು ಅದರಲ್ಲಿ ಬರೆದರೆ ಅ + ಬ = 40, 2ಅ + 5ಬ = 128. ಮೊದಲನೆಯದನ್ನು 2ರಿಂದ ಗುಣಿಸಿ: 2ಅ + 2ಬ = 80. ಎರಡನೆಯದರಿಂದ ಕಳೆಯಿರಿ: 3ಬ = 48. ನೋಡಿದಿರಲ್ಲ, 80, 48, 3 ಎಲ್ಲವೂ ಹಾಗೇ ಬಂದವು. ಎಲ್ಲವೂ 2 ರೂಪಾಯಿ ಅಂದುಕೊಂಡದ್ದು ಅಂದರೆ ಮೊದಲ ಸಮೀಕರಣವನ್ನು 2ರಿಂದ ಗುಣಿಸಿದ್ದು. ಐದನೇ ತರಗತಿಯಲ್ಲಿ ಅಂದಾಜಿನ ದಾರಿ ಚೆನ್ನಾಗಿ ಕಲಿತ ಮಗುವಿಗೆ ಹತ್ತನೇ ತರಗತಿಯ ಈ ಪಾಠ ಹೊಸದು ಅನ್ನಿಸುವುದೇ ಇಲ್ಲ. ಅದಕ್ಕೇ ನಾನು ಇದರ ಮೇಲೆ ಇಷ್ಟು ಒತ್ತು ಕೊಡುವುದು.

ಈ ದಾರಿಯಿಂದ ಇನ್ನೊಂದು ಲಾಭವೂ ಇದೆ. ಲೆಕ್ಕವೇ ತಪ್ಪಿದ್ದರೆ ಗೊತ್ತಾಗುತ್ತದೆ. ಮೊತ್ತ 128ರ ಬದಲು 130 ಅಂತ ಅಚ್ಚಾಗಿದ್ದರೆ 130 − 80 = 50, ಇದು 3ರಿಂದ ಭಾಗವಾಗುವುದಿಲ್ಲ. ಅರ್ಧ ನಾಣ್ಯ ಎಲ್ಲೂ ಇಲ್ಲ. ಹಾಗಾದರೆ ಪ್ರಶ್ನೆಯಲ್ಲೇ ದೋಷ ಇದೆ.

‘ಎಷ್ಟು ರೀತಿಯಲ್ಲಿ?’ ಅಂತ ಕೇಳಿದರೆ ಪಟ್ಟಿಯೇ ಸರಿ

20 ರೂಪಾಯಿಗೆ ಚಿಲ್ಲರೆ ಬೇಕು. 2, 5, 10 ರೂಪಾಯಿ ನಾಣ್ಯಗಳು ಬೇಕಾದಷ್ಟಿವೆ. ಎಷ್ಟು ರೀತಿಯಲ್ಲಿ ಕೊಡಬಹುದು?

ಇಲ್ಲಿ ಸಮೀಕರಣ ಹಿಡಿದು ಕೂತರೆ ಪ್ರಯೋಜನವಿಲ್ಲ. ಪಟ್ಟಿಯೇ ಬೇಕು, ಆದರೆ ಶಿಸ್ತಿನ ಪಟ್ಟಿ. ದೊಡ್ಡ ನಾಣ್ಯದಿಂದ ಶುರು ಮಾಡಬೇಕು ಅನ್ನುವುದೊಂದೇ ನಿಯಮ. 10 ರೂಪಾಯಿಯ ಎರಡು ನಾಣ್ಯ ಕೊಟ್ಟರೆ ಅಲ್ಲಿಗೇ ಮುಗಿಯಿತು, 1 ರೀತಿ. ಒಂದು ಕೊಟ್ಟರೆ ಇನ್ನು 10 ರೂಪಾಯಿ ಉಳಿಯುತ್ತದೆ. ಅದನ್ನು ಐದು 2ಗಳಿಂದ ಅಥವಾ ಎರಡು 5ಗಳಿಂದ ತುಂಬಬಹುದು, 2 ರೀತಿ. 10ರ ನಾಣ್ಯ ಬೇಡವೇ ಬೇಡ ಅಂದರೆ 5ರ ನಾಣ್ಯ ಸೊನ್ನೆ, ಎರಡು ಅಥವಾ ನಾಲ್ಕು, ಹೀಗೆ 3 ರೀತಿ. ಒಟ್ಟು 6. ಒಂದು ಅಥವಾ ಮೂರು 5ಗಳು ಯಾಕೆ ಬರಲಿಲ್ಲ ಅಂತ ಮಗುವನ್ನೇ ಕೇಳಿ. ಉಳಿಯುವ ಹಣ ಬೆಸಸಂಖ್ಯೆ ಆಗುತ್ತದೆ, 2ರ ನಾಣ್ಯದಿಂದ ಬೆಸಸಂಖ್ಯೆ ಆಗಲ್ಲ.

ಈಗ 1 ರೂಪಾಯಿ ನಾಣ್ಯವನ್ನೂ ಸೇರಿಸಿ. 6 ಇದ್ದದ್ದು ಒಮ್ಮೆಲೇ 40 ಆಗುತ್ತದೆ! ಎಲ್ಲವನ್ನೂ ಬರೆಯಬೇಕಿಲ್ಲ. 10 ಮತ್ತು 5ರ ನಾಣ್ಯಗಳನ್ನು ಗೊತ್ತು ಮಾಡಿಕೊಂಡ ಮೇಲೆ ಉಳಿದ ಹಣಕ್ಕೆ 2ರ ನಾಣ್ಯ ಎಷ್ಟು ಹಾಕಬಹುದು ಅಂತ ನೋಡಿದರೆ ಸಾಕು, ಮಿಕ್ಕಿದ್ದನ್ನು 1ರ ನಾಣ್ಯ ತುಂಬಿಕೊಳ್ಳುತ್ತದೆ. 10ರ ನಾಣ್ಯ ಇಲ್ಲದಾಗ 5ರ ನಾಣ್ಯ 0, 1, 2, 3, 4 ಆದರೆ ಉಳಿಯುವ ಹಣ 20, 15, 10, 5, 0. ರೀತಿಗಳು 11, 8, 6, 3, 1. ಕೂಡಿದರೆ 29. 10ರ ಒಂದು ನಾಣ್ಯ ಇದ್ದಾಗ 6 + 3 + 1 = 10. ಎರಡಿದ್ದಾಗ 1. ಒಟ್ಟು 40.

‘ಎಷ್ಟು’ ಅಂತ ಕೇಳಿದ್ದಾರಾ, ‘ಎಷ್ಟು ರೀತಿ’ ಅಂತ ಕೇಳಿದ್ದಾರಾ? ಇದನ್ನು ಗಮನಿಸಿದರೆ ದಾರಿ ಆರಿಸುವ ಕೆಲಸ ಅರ್ಧ ಮುಗಿದಂತೆ.

ಅನುಪಾತ ಕೊಟ್ಟರೆ ಕಟ್ಟು ಕಟ್ಟಿ

ಇದು ಎಲ್ಲಕ್ಕಿಂತ ಸುಲಭ, ಬೇಗ ಹೇಳಿ ಮುಗಿಸುತ್ತೇನೆ. 1, 2, 5 ರೂಪಾಯಿ ನಾಣ್ಯಗಳು 5 : 3 : 1 ಅನುಪಾತದಲ್ಲಿವೆ, ಒಟ್ಟು 192 ರೂಪಾಯಿ. 1ರವು ಐದು, 2ರವು ಮೂರು, 5ರದು ಒಂದು ಸೇರಿಸಿ ಒಂದು ಕಟ್ಟು ಮಾಡಿ. ಕಟ್ಟಿನ ಬೆಲೆ 5 + 6 + 5 = 16. 192 ÷ 16 = 12 ಕಟ್ಟುಗಳು. ಹಾಗಾಗಿ ನಾಣ್ಯಗಳು 60, 36, 12. ಮೂರೂ ಬಗೆಯವು ಒಂದೇ ಸಂಖ್ಯೆಯಲ್ಲಿ ಇವೆ ಅಂದರೂ ಇದೇ ದಾರಿ, ಕಟ್ಟಿನ ಬೆಲೆ 8. ಇಲ್ಲಿ ಬೇರೆ ದಾರಿ ಹುಡುಕುವುದು ಸುಮ್ನೆ ಶ್ರಮ.

ಭಿನ್ನರಾಶಿ ಬಂದಾಗ: ಯಾವುದರ ಅರ್ಧ?

ನಿಜವಾದ ಕಷ್ಟ ಶುರುವಾಗುವುದು ಇಲ್ಲಿ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು ಮುಚ್ಚಿದ ಮೇಲೆ ಹುಂಡಿ ಎಣಿಕೆಯ ಸುದ್ದಿ ಬರುತ್ತದಲ್ಲ, ಅದನ್ನೇ ನೆನೆದು ಒಂದು ಪುಟ್ಟ ಹುಂಡಿಯ ಲೆಕ್ಕ ಮಾಡೋಣ.

ಹುಂಡಿಯಲ್ಲಿರುವ ನಾಣ್ಯಗಳಲ್ಲಿ ಅರ್ಧ 1 ರೂಪಾಯಿಯವು, ಮೂರನೇ ಒಂದು ಭಾಗ 2 ರೂಪಾಯಿಯವು, ಉಳಿದವು 5 ರೂಪಾಯಿಯವು. ಒಟ್ಟು ಹಣ 240 ರೂಪಾಯಿ. ನಾಣ್ಯಗಳೆಷ್ಟು?

ಅರ್ಧವೂ ಆಗಬೇಕು, ಮೂರನೇ ಒಂದೂ ಆಗಬೇಕು. 2 ಮತ್ತು 3ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 6. ಹಾಗಾಗಿ ಒಟ್ಟು 6 ನಾಣ್ಯ ಅಂದುಕೊಳ್ಳಿ. 1ರವು 3, 2ರವು 2, 5ರದು 1. ಬೆಲೆ 3 + 4 + 5 = 12. ಬೇಕಾದ್ದು 240, ಅಂದರೆ 20 ಪಟ್ಟು. ನಾಣ್ಯಗಳು 6 × 20 = 120. ಬಿಡಿಸಿ ನೋಡಿ: 60 + 80 + 100 = 240.

ಇದು ಹೊಸ ಉಪಾಯವೇನಲ್ಲ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇದನ್ನು ಇಷ್ಟಕರ್ಮ ಅನ್ನುತ್ತಾರೆ. ನಿಮಗಿಷ್ಟ ಬಂದ ಒಂದು ಸಂಖ್ಯೆ ಹಿಡಿದು ಲೆಕ್ಕ ಓಡಿಸಿ, ಬಂದದ್ದನ್ನೂ ಬೇಕಾದ್ದನ್ನೂ ಹೋಲಿಸಿ ಸರಿಪಡಿಸಿಕೊಳ್ಳಿ ಅನ್ನುವುದು ಅದರ ಸಾರ. ಛೇದಗಳ ಲ.ಸಾ.ಅ. ಹಿಡಿದರೆ ಭಿನ್ನರಾಶಿಯ ಮುಖವನ್ನೇ ನೋಡದೆ ಪೂರ್ಣಸಂಖ್ಯೆಯಲ್ಲಿ ಕೆಲಸ ಮುಗಿಯುತ್ತದೆ. ಸಮೀಕರಣದಲ್ಲಿ ಇದೇ ಲೆಕ್ಕ ಅ/2 + 2ಅ/3 + 5ಅ/6 = 240 ಅಂತ ಬರುತ್ತದೆ. ಅದನ್ನು ಬಿಡಿಸುವಾಗಲೂ ಆ 6 ಬೇಕೇ ಬೇಕು.

ಈಗ ಲೆಕ್ಕದಲ್ಲಿ ಒಂದೇ ಒಂದು ಪದ ಬದಲಿಸುತ್ತೇನೆ. ‘ಹುಂಡಿಯಲ್ಲಿರುವ ಹಣದಲ್ಲಿ ಅರ್ಧ 1 ರೂಪಾಯಿ ನಾಣ್ಯಗಳಲ್ಲಿ, ಮೂರನೇ ಒಂದು ಭಾಗ 2 ರೂಪಾಯಿ ನಾಣ್ಯಗಳಲ್ಲಿ, ಉಳಿದದ್ದು 5 ರೂಪಾಯಿ ನಾಣ್ಯಗಳಲ್ಲಿ ಇದೆ.’ ಮೊತ್ತ ಅದೇ 240. ಆಗ 120 ರೂಪಾಯಿಗೆ 1ರ ನಾಣ್ಯ 120. 80 ರೂಪಾಯಿಗೆ 2ರ ನಾಣ್ಯ 40. 40 ರೂಪಾಯಿಗೆ 5ರ ನಾಣ್ಯ 8. ಒಟ್ಟು 168. ಮೊದಲ ಲೆಕ್ಕದಲ್ಲಿ 120, ಇದರಲ್ಲಿ 168. ಇಲ್ಲಿ ಯಾವ ಅಂದಾಜೂ ಬೇಕಿಲ್ಲ, ನೇರವಾಗಿ ಭಾಗ ಮಾಡಿದರೆ ಆಯಿತು.

ಆದ್ದರಿಂದ ಭಿನ್ನರಾಶಿ ಕಂಡ ಕೂಡಲೇ ಪೆನ್ನು ಎತ್ತುವ ಮೊದಲು ಕೇಳಬೇಕಾದ ಪ್ರಶ್ನೆ: ಇದು ನಾಣ್ಯಗಳ ಭಾಗವೋ, ಹಣದ ಭಾಗವೋ? ನಾಣ್ಯಗಳ ಭಾಗವಾದರೆ ಲ.ಸಾ.ಅ. ಹಿಡಿದು ಅಂದಾಜು. ಹಣದ ಭಾಗವಾದರೆ ನೇರ ಭಾಗಾಕಾರ. ಮಕ್ಕಳು ಸೂತ್ರ ಗೊತ್ತಿಲ್ಲದೆ ತಪ್ಪುವುದಕ್ಕಿಂತ ಈ ಒಂದು ಪದವನ್ನು ಹಾರಿಸಿ ಓದಿ ತಪ್ಪುವುದೇ ಜಾಸ್ತಿ. ಲೆಕ್ಕವನ್ನು ಗಟ್ಟಿಯಾಗಿ ಓದಿಸಿ. ಆಮೇಲೆ ಪುಸ್ತಕ ಮುಚ್ಚಿಸಿ, ಮಗು ತನ್ನ ಮಾತಲ್ಲಿ ಹೇಳಲಿ. ಇಂಗ್ಲಿಷ್ ಮೀಡಿಯಂ ಮಕ್ಕಳಾದರೂ ಇದನ್ನು ಕನ್ನಡದಲ್ಲೇ ಹೇಳಿಸಿ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ವ್ಯವಹಾರದ ಗಣಿತವನ್ನು ಕನ್ನಡ ಪದ್ಯದಲ್ಲಿ ಬರೆದಿದ್ದಾನೆ. ಹಳೇಬೀಡಿನ ನಾಡಿನಲ್ಲಿ ಲೆಕ್ಕ ಕನ್ನಡ ಮಾತಾಡುವುದು ಹೊಸತಲ್ಲ.

‘ಉಳಿದದ್ದರಲ್ಲಿ’ ಅನ್ನುವ ಲೆಕ್ಕಕ್ಕೆ ಹಿಂದಿನಿಂದ ಬನ್ನಿ

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರು ತಮ್ಮ ಕಾಫಿ ಮೂಟೆಗಳಲ್ಲಿ ಮೂರನೇ ಒಂದು ಭಾಗವನ್ನು ಚಿಕ್ಕಮಗಳೂರಿನಲ್ಲಿ ಮಾರಿದರು. ಉಳಿದದ್ದರಲ್ಲಿ ಕಾಲು ಭಾಗವನ್ನು ಹಾಸನಕ್ಕೆ ಕಳಿಸಿದರು. ಗೋಡೌನಿನಲ್ಲಿ ಇನ್ನೂ 36 ಮೂಟೆ ಇವೆ. ಮೊದಲು ಎಷ್ಟಿದ್ದವು?

ಇದಕ್ಕೆ ಎರಡು ಒಳ್ಳೆಯ ದಾರಿಗಳಿವೆ, ಎರಡೂ ನನಗಿಷ್ಟ. ಒಂದು, ಹಿಂದಿನಿಂದ ಬರುವುದು. ಕಾಲು ಹೋದ ಮೇಲೆ 36 ಉಳಿದಿದೆ, ಅಂದರೆ 36 ಮುಕ್ಕಾಲು ಪಾಲು. ಕಾಲು ಪಾಲು 12. ಹಾಸನಕ್ಕೆ ಕಳಿಸುವ ಮೊದಲು 48 ಇತ್ತು. ಆ 48 ಮೂರರಲ್ಲಿ ಎರಡು ಪಾಲು. ಒಂದು ಪಾಲು 24. ಮೊದಲಿದ್ದದ್ದು 72.

ಇನ್ನೊಂದು, ಪಟ್ಟಿಚಿತ್ರ. ಉದ್ದನೆಯ ಒಂದು ಆಯತ ಬರೆದು ಮೂರು ಮನೆ ಮಾಡಿ. ಒಂದು ಮನೆಗೆ ಗೀಟು ಹಾಕಿ ಹೊಡೆದುಹಾಕಿ. ಉಳಿದ ಎರಡು ಮನೆಗಳಲ್ಲಿ ಕಾಲು ಭಾಗ ಬೇಕು. ಎರಡನ್ನೂ ಅರ್ಧ ಮಾಡಿದರೆ ನಾಲ್ಕು ಅರೆಮನೆ ಸಿಗುತ್ತದೆ. ಅದರಲ್ಲಿ ಒಂದನ್ನು ಹೊಡೆಯಿರಿ. ಉಳಿದ ಮೂರು ಅರೆಮನೆಗಳಲ್ಲಿ 36. ಒಂದರಲ್ಲಿ 12. ಇಡೀ ಆಯತದಲ್ಲಿ ಆರು ಅರೆಮನೆ, 72.

ಹಿಂದಿನಿಂದ ಬರುವುದು ಬೇಗ ಮುಗಿಯುತ್ತದೆ. ಚಿತ್ರ ನಿಧಾನ, ಆದರೆ ತಪ್ಪಲು ಬಿಡುವುದಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಚಿತ್ರ ಕೊಡಿ, ಚಿತ್ರ ಸರಾಗವಾದ ಮೇಲೆ ಹಿಂದಿನಿಂದ ಬರುವುದನ್ನು ಹೇಳಿಕೊಡಿ. ತಲೆಕೆಳಗು ಮಾಡಿದರೆ ‘ಮುಕ್ಕಾಲು ಅಂದರೆ 36’ ಅನ್ನುವುದು ಮಗುವಿಗೆ ಬಾಯಿಪಾಠದ ಹೆಜ್ಜೆಯಾಗಿಬಿಡುತ್ತದೆ. 36ರ ಕಾಲು 9, ಹಾಗಾಗಿ 45 ಅಂತ ಬರೆಯುವವರು ಹೀಗೆ ಆದವರೇ. ಉಳಿದ 36ರ ಕಾಲು ಬೇರೆ, ಕಳಿಸುವ ಮೊದಲಿದ್ದದ್ದರ ಕಾಲು ಬೇರೆ. ಚಿತ್ರದಲ್ಲಿ ಅದು ಕಣ್ಣಿಗೇ ಕಾಣುತ್ತದೆ.

‘ಉಳಿದದ್ದರಲ್ಲಿ’ ಅನ್ನುವ ಪದ ಹಾರಿಸಿ, ಒಟ್ಟು ಮೂಟೆಯಲ್ಲೇ ಕಾಲು ಭಾಗ ಅಂತ ಓದಿದರೆ ಏನಾಗುತ್ತದೆ? 1/3 ಮತ್ತು 1/4 ಸೇರಿ 7/12 ಹೋಯಿತು, 5/12 ಉಳಿಯಿತು. 5/12 ಅಂದರೆ 36 ಆದರೆ ಒಟ್ಟು 86.4 ಮೂಟೆ. ದಶಾಂಶದಲ್ಲಿ ಮೂಟೆ ಎಣಿಸುವವರು ಯಾರೂ ಇಲ್ಲ. ಓದುವಾಗಲೇ ತಪ್ಪಾಗಿದೆ ಅಂತ ಉತ್ತರವೇ ಹೇಳಿಕೊಡುತ್ತದೆ.

ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ಈ ಎರಡನ್ನೂ ಬೇರೆ ಬೇರೆ ಗುಂಪಾಗಿಯೇ ಇಟ್ಟಿದ್ದಾರೆ. ಒಟ್ಟಿನ ಭಾಗಗಳ ಲೆಕ್ಕ ಭಾಗಜಾತಿ, ಉಳಿದದ್ದರ ಭಾಗಗಳ ಲೆಕ್ಕ ಶೇಷಜಾತಿ. ಕನ್ನಡ ನಾಡಿನ ಲೆಕ್ಕದ ಮೇಷ್ಟ್ರುಗಳಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಆಗಲೇ ಗೊತ್ತಿತ್ತು ಅಂತ ನನಗನ್ನಿಸುತ್ತದೆ.

ಪಟ್ಟಿಚಿತ್ರ ಸಮೀಕರಣವನ್ನು ಪೂರ್ತಿ ಮೀರಿಸುವ ಲೆಕ್ಕ ಒಂದಿದೆ. ಅಕ್ಕನ ಹತ್ತಿರ ಇರುವ ನಾಣ್ಯಗಳ 2/3 ಭಾಗ, ತಮ್ಮನ ನಾಣ್ಯಗಳ 3/4 ಭಾಗಕ್ಕೆ ಸಮ. ಇಬ್ಬರದ್ದೂ ಸೇರಿ 85. ಇಲ್ಲಿ ಛೇದ ಸಮ ಮಾಡಲು ಹೋಗಬೇಡಿ, ಅಂಶ ಸಮ ಮಾಡಿ. 2/3 ಅಂದರೆ 6/9, 3/4 ಅಂದರೆ 6/8. ಅಕ್ಕನ 9 ಮನೆಗಳಲ್ಲಿ 6, ತಮ್ಮನ 8 ಮನೆಗಳಲ್ಲಿ 6 ಸಮ ಅಂದಮೇಲೆ ಮನೆಗಳೆಲ್ಲ ಒಂದೇ ಅಳತೆ. ಒಟ್ಟು 17 ಮನೆ, 85 ನಾಣ್ಯ, ಮನೆಗೆ 5. ಅಕ್ಕನಿಗೆ 45, ತಮ್ಮನಿಗೆ 40.

ನಾಣ್ಯ ಅಲ್ಲದಿದ್ದರೂ ನಾಣ್ಯದ ಲೆಕ್ಕವೇ

ಚಿಕ್ಕಮಗಳೂರಿನ ಯಾವುದೇ ಕಾಫಿಪುಡಿ ಅಂಗಡಿಯಲ್ಲಿ ‘ಚಿಕೋರಿ ಎಷ್ಟು ಹಾಕಲಿ?’ ಅಂತ ಕೇಳುತ್ತಾರಲ್ಲ, ಅದೂ ಇದೇ ಜಾತಿಯ ಲೆಕ್ಕ. ಸುಮ್ನೆ ಲೆಕ್ಕಕ್ಕೆ ಅಂತ ಕಾಫಿಪುಡಿ ಕಿಲೋಗೆ 600 ರೂಪಾಯಿ, ಚಿಕೋರಿ 200 ರೂಪಾಯಿ ಇಟ್ಟುಕೊಳ್ಳಿ. 5 ಕಿಲೋ ಮಿಶ್ರಣಕ್ಕೆ 2500 ರೂಪಾಯಿ ಆಯಿತು. ಯಾವುದು ಎಷ್ಟು? ಎಲ್ಲವೂ ಚಿಕೋರಿ ಅಂದುಕೊಂಡರೆ 1000. 1500 ಕಡಿಮೆ ಬಿತ್ತು. ಒಂದು ಕಿಲೋ ಬದಲಿಸಿದರೆ 400 ಏರುತ್ತದೆ. 1500 ÷ 400 = 3.75. ಕಾಫಿ ಮೂರೂಮುಕ್ಕಾಲು ಕಿಲೋ, ಚಿಕೋರಿ ಒಂದೂಕಾಲು ಕಿಲೋ. ಅಂದರೆ ಮುಕ್ಕಾಲು ಭಾಗ ಕಾಫಿ, ಕಾಲು ಭಾಗ ಚಿಕೋರಿ. 86.4 ಮೂಟೆ ತಪ್ಪು ಅಂದೆ, 3.75 ಕಿಲೋ ಸರಿ ಅನ್ನುತ್ತಿದ್ದೇನೆ. ಎಣಿಸುವ ವಸ್ತುವೋ ತೂಗುವ ವಸ್ತುವೋ ಅಂತ ಮಗು ತಾನೇ ಯೋಚಿಸಬೇಕಾದ ಜಾಗ ಇದು.

ಮೂರು ಬಗೆ ನಾಣ್ಯ, ಎರಡೇ ಸುಳಿವು

ಇಲ್ಲಿ ಅಂದಾಜಿನ ದಾರಿ ಕೈಕೊಡುತ್ತದೆ. 1, 2, 5 ರೂಪಾಯಿ ನಾಣ್ಯಗಳು ಒಟ್ಟು 20, ಹಣ 50 ರೂಪಾಯಿ, ಮೂರೂ ಬಗೆಯವು ಇವೆ. ಎಲ್ಲವೂ 1 ರೂಪಾಯಿ ಅಂದುಕೊಂಡರೆ 20. 30 ಕಡಿಮೆ. 2ರ ನಾಣ್ಯ ಇಟ್ಟರೆ 1 ಏರುತ್ತದೆ, 5ರದು ಇಟ್ಟರೆ 4 ಏರುತ್ತದೆ. ಯಾವುದು ಎಷ್ಟು ಅಂತ ಒಂದೇ ಉತ್ತರ ಸಿಗಲ್ಲ. ಈಗ ಪಟ್ಟಿಯ ಸಹಾಯ ಬೇಕು. 5ರ ನಾಣ್ಯ 4 ಆದರೆ 16 ಏರಿತು, ಉಳಿದ 14ಕ್ಕೆ 2ರ ನಾಣ್ಯ 14, 1ರ ನಾಣ್ಯ 2. ಹೀಗೇ ಮುಂದುವರಿದರೆ 5ರವು 5, 6, 7 ಆದಾಗ 2ರವು 10, 6, 2 ಮತ್ತು 1ರವು 5, 8, 11. ನಾಲ್ಕು ಉತ್ತರಗಳು. 5ರ ನಾಣ್ಯ 3 ಅಂದರೆ 2ರವು 18 ಬೇಕಾಗುತ್ತದೆ, ಒಟ್ಟು 21 ಆಗಿ 20ನ್ನು ದಾಟಿಬಿಡುತ್ತದೆ. ‘2ರ ನಾಣ್ಯಗಳು 5ರ ನಾಣ್ಯಗಳ ಎರಡರಷ್ಟಿವೆ’ ಅಂತ ಇನ್ನೊಂದು ಸುಳಿವು ಕೊಟ್ಟರೆ 5, 10, 5 ಒಂದೇ ಉಳಿಯುತ್ತದೆ. ಎಷ್ಟು ಸುಳಿವಿಗೆ ಎಷ್ಟು ಉತ್ತರ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ನನಗೆ ಸಿಕ್ಕಿಲ್ಲ.

ಪರೀಕ್ಷೆ ನೋಡಿಯೂ ದಾರಿ ಬದಲಾಗುತ್ತದೆ

ಮಾವಿನಕೆರೆ ಅಥವಾ ಬಾಳೆಹೊನ್ನೂರಿನ ನವೋದಯಕ್ಕೆ ತಯಾರಾಗುವ ಐದನೇ ತರಗತಿ ಮಕ್ಕಳಿಗೆ ಎರಡು ಗಂಟೆಯಲ್ಲಿ 80 ಪ್ರಶ್ನೆ, ಅದರಲ್ಲಿ 20 ಅಂಕಗಣಿತದವು. ಎಲ್ಲವೂ ಆಯ್ಕೆಯ ಪ್ರಶ್ನೆಗಳು. ಅಲ್ಲಿ ಅಂದಾಜಿನ ದಾರಿ, ಕಟ್ಟಿನ ದಾರಿ ಸಾಕು. ನಾಲ್ಕು ಆಯ್ಕೆಗಳನ್ನು ಲೆಕ್ಕಕ್ಕೆ ಹಾಕಿ ನೋಡುವುದೂ ತಪ್ಪಲ್ಲ. ನಡುವಿನ ಆಯ್ಕೆಯಿಂದ ಶುರು ಮಾಡಿದರೆ ಮೊತ್ತ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಿ ಯಾವ ಕಡೆ ಹೋಗಬೇಕು ಅಂತ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹಾಗಲ್ಲ. ಅಲ್ಲಿ ಹೆಜ್ಜೆಗೂ ಅಂಕ ಇದೆ, ಸಮೀಕರಣ ಬರೆದು ಬಿಡಿಸಿ ಅಂತಲೇ ಕೇಳಿರುತ್ತಾರೆ. ಸಮೀಕರಣದಲ್ಲೇ ಬರೆಯಲಿ, ಅಂದಾಜಿನ ದಾರಿಯಿಂದ ಉತ್ತರ ತಾಳೆ ನೋಡಲಿ.

ಹಳೆಯ ಗೈಡುಗಳಲ್ಲಿ ಇನ್ನೂ 25 ಪೈಸೆ ನಾಣ್ಯದ ಲೆಕ್ಕಗಳಿವೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ಮುಗಿಯಿತು. ಈಗಿನ ಮಕ್ಕಳು ಅದನ್ನು ಕೈಯಲ್ಲಿ ಹಿಡಿದವರಲ್ಲ. 50 ಪೈಸೆ ಇನ್ನೂ ಚಲಾವಣೆಯಲ್ಲಿದೆ, ಆದರೆ ಅಂಗಡಿಯಲ್ಲಿ ಕಾಣಸಿಗುವುದು ಅಪರೂಪ. ಹಾಗಂತ ಆ ಲೆಕ್ಕಗಳನ್ನು ಬಿಡಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ನಾಲ್ಕಾಣೆ ಅಂದರೆ ಕಾಲು ರೂಪಾಯಿ, ಎಂಟಾಣೆ ಅಂದರೆ ಅರ್ಧ ಅಂತ ಅವರೇ ಹೇಳಿಕೊಡಲಿ. ಪೈಸೆ ಲೆಕ್ಕಕ್ಕೆ ಒಂದೇ ಎಚ್ಚರಿಕೆ: ಮೊದಲ ಸಾಲಲ್ಲೇ ಎಲ್ಲವನ್ನೂ ಪೈಸೆಗೆ ತಿರುಗಿಸಿ. ಲೆಕ್ಕದ ಅರ್ಧವನ್ನು ರೂಪಾಯಿಯಲ್ಲಿ, ಇನ್ನರ್ಧವನ್ನು ಪೈಸೆಯಲ್ಲಿ ನಡೆಸಿದರೆ ಯಾವ ದಾರಿಯೂ ಕಾಪಾಡುವುದಿಲ್ಲ. ಅಂದಹಾಗೆ, 1957ರ ಏಪ್ರಿಲ್ 1ಕ್ಕೆ 100 ಪೈಸೆಯ ರೂಪಾಯಿ ಬರುವ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ ಇತ್ತು. 100ನ್ನು ಮೂರು ಸಮಪಾಲು ಮಾಡಲಾಗುವುದಿಲ್ಲ, 192ನ್ನು ಮಾಡಬಹುದು. ರೂಪಾಯಿಯ ಮೂರನೇ ಒಂದು ಭಾಗ ಸರಿಯಾಗಿ 5 ಆಣೆ 4 ಪೈ. ಲ.ಸಾ.ಅ. ಯಾಕೆ ಬೇಕು ಅಂತ ಕೇಳುವ ಮಗುವಿಗೆ ಇದನ್ನು ಹೇಳಿ ನೋಡಿ.

ಮನೆಯಲ್ಲಿ ಅಭ್ಯಾಸಕ್ಕೆ ಲೆಕ್ಕ ಬೇಕಾದರೆ ನೀವೇ ಕಟ್ಟಬಹುದು. ಉತ್ತರವನ್ನು ಮೊದಲು ಬರೆದಿಟ್ಟುಕೊಳ್ಳಿ. 2ರ ನಾಣ್ಯ 11, 5ರ ನಾಣ್ಯ 9 ಅಂತ ಇಟ್ಟುಕೊಂಡರೆ ನಾಣ್ಯ 20, ಹಣ 67. ಅಷ್ಟನ್ನೇ ಮಗುವಿಗೆ ಕೊಡಿ. ಭಿನ್ನರಾಶಿಯ ಲೆಕ್ಕವಾದರೆ ಒಟ್ಟು ಸಂಖ್ಯೆ ಛೇದಗಳ ಲ.ಸಾ.ಅ.ದ ಗುಣಕ ಆಗಿರಲಿ. ‘ಉಳಿದದ್ದರಲ್ಲಿ’ ಅನ್ನುವ ಲೆಕ್ಕವಾದರೆ ಎರಡು ಛೇದಗಳ ಗುಣಲಬ್ಧದಿಂದ ಶುರು ಮಾಡಿದರೆ ನಡುವೆ ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಆಗೊಮ್ಮೆ ಈಗೊಮ್ಮೆ 67ರ ಜಾಗದಲ್ಲಿ 68 ಕೊಡಿ. 68 − 40 = 28, 3ರಿಂದ ಹೋಗುವುದಿಲ್ಲ. ಮಗು ‘ಇದಕ್ಕೆ ಉತ್ತರವೇ ಇಲ್ಲ’ ಅಂತ ಧೈರ್ಯವಾಗಿ ಬರೆದರೆ ಪೂರ್ತಿ ಅಂಕ ಕೊಡಿ.